ಟ್ರೈಕೋ ಕಾರ್ಡ್ ಹಚ್ಚಿದ್ರೂ ನೆಲ್ಲಿನ ಜಿಗಿಹುಳ ಕಮ್ಮಿ ಆಗವಲ್ದು, ಇದಕ್ಕ ಬ್ಯಾರೆ ಕಣಜ ಐತೇನ್ರಿ?

ಕಾರಟಗಿ_ನೆಲ್ಲು:

ಎಲ್ಲಾರಿಗೂ ನಮಸ್ಕಾರ್ರಿ. ನಂದು ಕಾರಟಗಿ ಹತ್ರ ನಾಕು ಎಕರೆ ನೆಲ್ಲು ಐತಿ, ಎಡದಂಡಿ ಕಾಲುವಿ ನೀರು, ತಳಿ ಬಿಪಿಟಿ 5204, ನಾಟಿ ಆಗಿ ಐವತ್ತೈದು ದಿನ ಆತು. ಹೋದ ವರ್ಷ ಕಂದು ಜಿಗಿಹುಳ ಬಿದ್ದು ಮೂಲಿ ಮಡಿ ಪೂರಾ ಹೋತು, ಗುಂಡಗ ಗುಂಡಗ ಯಾರೋ ಬೆಂಕಿ ಇಟ್ಟಂಗ ಒಣಗಿ ನಿಂತಿತ್ತು, ಮೂರು ಸಲ ಎಣ್ಣಿ, ಅಂದ್ರ ಕೀಟನಾಶಕ, ಹೊಡದೆ, ಹೊಡದಂಗೆಲ್ಲಾ ಜಾಸ್ತಿ ಆದಂಗ ಕಂಡ್ವು ಹೊರತು ಕಮ್ಮಿ ಆಗ್ಲಿಲ್ಲ. ಅದಕ್ಕ ಈ ಸಲ ಮೊದಲಿಂದ್ಲೇ ಎಣ್ಣಿ ಕಮ್ಮಿ ಮಾಡೂಣು ಅಂತ ಇದ್ದೆ. ನಮ್ಮೂರಾಗ ಒಬ್ರು ಹೇಳಿದ್ರು, ಹುಳದ ಮೊಟ್ಟಿ ಒಳಗ ತನ್ನ ಮೊಟ್ಟಿ ಇಡೋ ಸಣ್ಣ ಕಣಜ ಬರ್ತಾವ, ಕಾರ್ಡ್ ಮ್ಯಾಲೆ ಅಂಟಿಸಿ ಕೊಡ್ತಾರ, ತಂದು ಹಚ್ಚು ಅಂತ. ಅಂಗಡ್ಯಾಗ ಕೇಳಿದೆ, ಜಿಗಿಹುಳಕ್ಕೂ ನಡೀತೈತಿ ತಗೊಂಡು ಹೋಗು ಅಂದ. ತಂದು ಪಟ್ಟಿ ಪಟ್ಟಿ ಕತ್ತರಿಸಿ ಎಲಿ ಅಡಿಗೆ ಸ್ಟೇಪ್ಲರ್ ಪಿನ್ ಹೊಡದೀನಿ, ವಾರ ಬಿಟ್ಟು ಇನ್ನೊಂದು ಸಲ. ಕಾರ್ಡ್ ಮ್ಯಾಲಿನ ಕರಿ ಕಾಳು ತೂತು ಬಿದ್ದು ಹುಳ ಹೊರಗ ಹೋಗ್ಯಾವ, ಅದನ್ನ ನಾನ ಕಣ್ಣಾರೆ ನೋಡೀನಿ.

ಆದ್ರ ಇವತ್ತು ಮುಂಜಾನೆ ಮಡಿ ಒಳಗ ಇಳದು ಬುಡ ಬಿಡಿಸಿ ನೋಡಿದ್ರ ಬುಡಕ್ಕ ಆರು ಏಳು ಜಿಗಿಹುಳ ಅದಾವ, ಕೈ ಹಾಕಿದ ಕೂಡ್ಲೆ ದಂಟಿನ ಆ ಕಡೆ ಸರಿದು ಅಡಗ್ತಾವ. ಕಾರ್ಡ್ ಹಚ್ಚಿದ ಮಡಿಗೂ ಹಚ್ಚದ ಮಡಿಗೂ ಏನೂ ಫರಕ್ ಇಲ್ಲ. ಅಪ್ಪ ನಗಾಕ ಹತ್ಯಾರ, ಕಾಗದ ಕಟ್ಟಿ ಹುಳ ಕೊಲ್ಲಾಕ ಹೊಂಟಾನ ಮಗ ಅಂತ.

ನನ್ನ ಪ್ರಶ್ನೆ ಇಷ್ಟ, ಕಾರ್ಡ್ ಡೂಪ್ಲಿಕೇಟ್ ಇರಬಹುದೇನ್ರಿ? ಇಲ್ಲಾ ಜಿಗಿಹುಳಕ್ಕ ಬ್ಯಾರೆ ಜಾತಿ ಕಣಜ ಐತೇನು, ಇದ್ರ ಎಲ್ಲಿ ಸಿಗ್ತಾವ, ಎಕರೆಗೆ ಎಷ್ಟು ಬೇಕು? ಗೊತ್ತಿದ್ದವರು ಸ್ವಲ್ಪ ಬೇಗ ಹೇಳ್ರಿ, ತೆನಿ ಹೊರಡೋ ಟೈಮ್ ಹತ್ರ ಬಂತು.


ಮದ್ದೂರ್_ಗದ್ದೆ:

ಅಣ್ಣ ಕಾರ್ಡು ಗೀರ್ಡು ಎಲ್ಲಾ ಕಾಸು ದಂಡ ಕಣಣ್ಣ. ನಮ್ಮ ಕಡೆ ಒಂದು ವರ್ಷ ಕಬ್ಬಿಗೆ ಕಟ್ಟಿದ್ವಿ, ಅದೇನೋ ಸುಳಿ ಕೊರೆಯೋ ಹುಳಕ್ಕೆ ಸ್ವಲ್ಪ ವಾಸಿ ಅನ್ನಿಸ್ತು, ಭತ್ತದ ಜಿಗಿಹುಳಕ್ಕಂತೂ ನಾನು ಕೇಳೇ ಇಲ್ಲ. ಮೊದ್ಲು ಗದ್ದೆ ನೀರು ಬಸಿದು ಬಿಡಿ, ಎರಡು ಮೂರು ದಿನ ಬುಡ ಒಣಗ್ಲಿ, ಯೂರಿಯಾ ಹಾಕೋದಿದ್ರೆ ನಿಲ್ಲಿಸಿ. ನಮ್ಮಪ್ಪನ ಕಾಲದಲ್ಲಿ ಎಂಟು ಹತ್ತು ಸಾಲಿಗೊಂದು ಸಾಲು ಖಾಲಿ ಬಿಡೋರು ಗಾಳಿ ಆಡ್ಲಿ ಅಂತ, ಈಗ ಒಂದು ಸಾಲು ಬಿಡೋಕೂ ನಮಗೆ ಹೊಟ್ಟೆ ಉರಿ. ಕಣಜದ ವಿಷಯ ನನಗೆ ಗೊತ್ತಿಲ್ಲ, ಗೊತ್ತಿರೋರು ಹೇಳ್ಲಿ ನಾನೂ ಓದ್ತೀನಿ.


ಕೀಟದ_ಹಿಂದೆ:

ಸರ್, ಕಾರ್ಡ್ ಡೂಪ್ಲಿಕೇಟ್ ಅಲ್ಲ. ಕಾರ್ಡ್ ಸರಿಯಾಗೇ ಇದೆ, ನೀವು ಕಳಿಸಿದ ಅಡ್ರೆಸ್ ತಪ್ಪು ಅಷ್ಟೇ. ನಾನು ಎಂಎಸ್ಸಿ ಅಗ್ರಿಯಲ್ಲಿ ಕೀಟಶಾಸ್ತ್ರ ಓದ್ದೋನು, ಎರಡು ವರ್ಷ ಮೈಕ್ರೋಸ್ಕೋಪ್ ಮುಂದೆ ಕೂತು ಇದನ್ನೇ ನೋಡಿದ್ದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ.

ಟ್ರೈಕೋ ಕಾರ್ಡಲ್ಲಿ ಇರೋದು ಟ್ರೈಕೋಗ್ರಾಮ ಅನ್ನೋ ಕಣಜ. ಅಕ್ಕಿ ಪತಂಗದ ಮೊಟ್ಟೆಗಳನ್ನ ಕಾರ್ಡಿಗೆ ಅಂಟಿಸಿ ಅದರೊಳಗೆ ಇದನ್ನ ಬೆಳೆಸಿರ್ತಾರೆ, ನೀವು ನೋಡಿದ ಕರಿ ಕಾಳು ಅದೇ. ಈ ಕಣಜಕ್ಕೆ ಬೇಕಾಗಿರೋದು ಪತಂಗದ ಮೊಟ್ಟೆ. ನೆಲ್ಲಲ್ಲಿ ಕಾಂಡ ಕೊರಕ, ಎಲೆ ಮಡಚೋ ಹುಳ ಇವು ಪತಂಗ ಜಾತಿ, ಮೊಟ್ಟೆನ ಎಲೆ ಮೇಲೆ ಇಡ್ತಾವೆ, ಅಲ್ಲಿ ಟ್ರೈಕೋಗ್ರಾಮ ಕೆಲಸ ಮಾಡುತ್ತೆ. ಜಿಗಿಹುಳ ಹಾಗಲ್ಲ. ಹೆಣ್ಣು ಹುಳಕ್ಕೆ ಹೊಟ್ಟೆ ತುದಿಯಲ್ಲಿ ಗರಗಸದ ತರ ಒಂದು ಸಾಧನ ಇರುತ್ತೆ, ದಂಟನ್ನ ಸುತ್ತಿಕೊಂಡಿರೋ ಎಲೆಬುಡದ ಸಿಪ್ಪೆನ ಅದರಲ್ಲಿ ಸೀಳಿ ಒಳಗೆ ಸಾಲಾಗಿ ಮೊಟ್ಟೆ ಕೂರಿಸುತ್ತೆ, ಬಾಳೆಹಣ್ಣಿನ ಚಿಪ್ಪು ಜೋಡಿಸಿದಂಗೆ. ಹೊರಗಿಂದ ನೋಡಿದ್ರೆ ಒಂದು ಕಂದು ಗೀರು ಕಾಣುತ್ತೆ ಅಷ್ಟೇ. ಅದೇ ಕಾರಣಕ್ಕೆ ನೀವು ಹೊಡೆಯೋ ಎಣ್ಣೆ ಆ ಮೊಟ್ಟೆಗೆ ತಾಗೋದೇ ಇಲ್ಲ. ಇದನ್ನ ನೆನಪಿಟ್ಕೊಳಿ, ಕೆಳಗೆ ಮತ್ತೆ ಬರ್ತೀನಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಹೌದು, ಜಿಗಿಹುಳದ ಮೊಟ್ಟೆಗೇ ಅಂತ ಬೇರೆ ಕಣಜ ಇದಾವೆ. ಕಂದು ಜಿಗಿಹುಳಕ್ಕೆ ಮುಖ್ಯವಾಗಿ ಅನಾಗ್ರಸ್ ಅನ್ನೋ ಕುಲ, ಜೊತೆಗೆ ಒಲಿಗೊಸೀಟಾ. ನೆಲ್ಲಿಗೆ ಟುಂಗ್ರೋ ಅನ್ನೋ ವೈರಸ್ ರೋಗ ಹರಡೋ ಹಸಿರು ಜಿಗಿಹುಳ ಇದೆಯಲ್ಲ ಅದಕ್ಕೆ ಗೊನಾಟೋಸಿರಸ್. ಅನಾಗ್ರಸ್ಸು ಗೊನಾಟೋಸಿರಸ್ಸು ಎರಡೂ ಮೈಮಾರಿಡೆ ಅನ್ನೋ ಒಂದೇ ಕುಟುಂಬದವು, ಒಲಿಗೊಸೀಟಾ ಮಾತ್ರ ನಿಮ್ಮ ಟ್ರೈಕೋಗ್ರಾಮದ ದಾಯಾದಿ. ಮೈಮಾರಿಡೆ ಅಂದ್ರೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಂದ ಒಂದು ಮಿಲಿಮೀಟರ್, ಅಂದ್ರೆ ರಾಗಿ ಕಾಳಿಗಿಂತ ಸಣ್ಣ. ಪ್ರಪಂಚದ ಅತಿ ಸಣ್ಣ ಕೀಟ ಇದೇ ಕುಟುಂಬದ್ದು, ಒಂದು ಜಾತಿಯ ಗಂಡು ಬರೀ 0.139 ಮಿಲಿಮೀಟರ್, ರೆಕ್ಕೆನೂ ಇಲ್ಲ ಕಣ್ಣೂ ಇಲ್ಲ. ನಿಮ್ಮ ಮಡಿಯಲ್ಲಿರೋದಕ್ಕೆ ರೆಕ್ಕೆ ಇದೆ, ಆದ್ರೆ ರೆಕ್ಕೆ ಅಂದ್ರೆ ಒಂದು ಕಡ್ಡಿ, ಅದರ ಅಂಚಿಗೆಲ್ಲ ಉದ್ದ ಕೂದಲು, ಗಾಳಿಯಲ್ಲಿ ಹಾರೋದಕ್ಕಿಂತ ತೇಲುತ್ತೆ ಅನ್ಬೇಕು. ನಾನು ಮೊದಲನೇ ಸಲ ಲೆನ್ಸ್ ಕೆಳಗೆ ನೋಡಿದಾಗ ಧೂಳು ಅಂತ ಊದಿಬಿಟ್ಟಿದ್ದೆ, ಗೈಡ್ ಬೈದ್ರು.

ಹೆಣ್ಣು ಕಣಜ ದಂಟಿನ ಮೇಲೆ ಮೀಸೆ ಬಡ್ಕೊಂಡು ಬಡ್ಕೊಂಡು ನಡೀತಾ ಆ ಗೀರು ಹುಡುಕುತ್ತೆ, ಸಿಕ್ಕಿದ್ರೆ ತನ್ನ ಸೂಜಿ ಇಳಿಸಿ ಜಿಗಿಹುಳದ ಮೊಟ್ಟೆ ಒಳಗೆ ತನ್ನದೊಂದು ಮೊಟ್ಟೆ ಇಡುತ್ತೆ. ಆ ಮರಿ ಒಳಗಿಂದೊಳಗೇ ಜಿಗಿಹುಳದ ಮೊಟ್ಟೆನ ಪೂರ್ತಿ ತಿಂದು ಕಣಜ ಆಗಿ ಹೊರಗೆ ಬರುತ್ತೆ, ಅಲ್ಲಿಂದ ಜಿಗಿಹುಳ ಹುಟ್ಟೋದೇ ಇಲ್ಲ. ಬೆಳೆಗೆ ಒಂದು ತೊಟ್ಟು ರಸ ನಷ್ಟ ಆಗೋಕೆ ಮುಂಚೆನೇ ಕಥೆ ಮುಗೀತು. ಇದು ಬಹಳಷ್ಟು ಎಣ್ಣೆಗೆ ಸಾಧ್ಯ ಇಲ್ಲದ ಕೆಲಸ ನೋಡಿ.

ಎಲ್ಲಿ ಸಿಗುತ್ತೆ ಅಂದ್ರೆ, ಎಲ್ಲೂ ಮಾರಲ್ಲ. ಟ್ರೈಕೋಗ್ರಾಮನ ಡಬ್ಬಿಯಲ್ಲಿ ಬೆಳೆಸಿದ ಪತಂಗದ ಮೊಟ್ಟೆ ಮೇಲೆ ಲಕ್ಷಗಟ್ಟಲೆ ತೆಗೀಬಹುದು. ಅನಾಗ್ರಸ್ಸಿಗೆ ಜೀವಂತ ನೆಲ್ಲಿನ ಗಿಡ ಬೇಕು, ಗಿಡದ ಮೇಲೆ ಜೀವಂತ ಜಿಗಿಹುಳ ಬೇಕು, ಅದು ಇಟ್ಟ ತಾಜಾ ಮೊಟ್ಟೆ ಬೇಕು, ಇಷ್ಟೆಲ್ಲ ಮಾಡಿದ್ರೂ ಕಣಜ ಬದುಕೋದು ಕೆಲವೇ ದಿನ, ಪಾರ್ಸಲ್ ಮಾಡೋ ಅಷ್ಟರಲ್ಲಿ ಸತ್ತಿರುತ್ತೆ. ಬೆಂಗಳೂರಿನ ಎನ್‌ಬಿಎಐಆರ್ ಅಂದ್ರೆ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇದೆಯಲ್ಲ, ಮಿತ್ರಕೀಟಗಳ ವಿಷಯಕ್ಕೆ ದೇಶದಲ್ಲೇ ದೊಡ್ಡ ಹೆಸರು, ಅಲ್ಲೂ ಇದರ ಕಾರ್ಡ್ ಕೇಳಿದ್ರೆ ಇಲ್ಲ ಅಂತಾರೆ. ಆದ್ರೆ ನೀವು ತರೋ ಅವಶ್ಯಕತೆನೇ ಇಲ್ಲ ಸರ್, ನಿಮ್ಮ ಮಡಿಯಲ್ಲಿ ಈಗಾಗ್ಲೇ ಇದಾವೆ. ಪರೀಕ್ಷೆ ಮಾಡಿ ನೋಡಿ, ಹೇಗೆ ಅಂತ ನಾಳೆ ಬರೀತೀನಿ, ಈಗ ಡ್ಯೂಟಿ ಟೈಮ್.


ಸಿಂಧನೂರ್_ಗೊಬ್ಬರ:

ನಾನೂ ಅಂಗಡಿ ಇಟ್ಟವನ ರೀ, ಅದಕ್ಕ ಹೇಳ್ತೀನಿ. ಓದಿದವರು ಹೇಳೋದು ಕೇಳಾಕ ಚಂದ, ಅದಾವ ಬಿಡ್ರಿ ನಿಮ್ಮ ಮಡ್ಯಾಗ ಅಂದ್ರ ರೈತ ಏನು ಕೈ ಕಟ್ಟಿ ಕೂಡಬೇಕಾ? ಬುಡಕ್ಕ ಆರು ಏಳು ಅದಾವ ಅಂತಾನ, ಐದರಿಂದ ಹತ್ತು ಅಂದ್ರ ಎಣ್ಣಿ ಹೊಡಿ ಅಂತ ಇಲಾಖೆಯವರ ಹೇಳ್ತಾರ. ಇನ್ನ ವಾರ ಬಿಟ್ರ ಬುಡಕ್ಕ ಮೂವತ್ತು ಆಗ್ತಾವ, ಆವಾಗ ಕಣಜ ಬರ್ತೈತೇನು ಸಾಲ ತೀರಸಾಕ? ರೈತರ ಬಂದು ಅಣ್ಣ ಜೋರ್ ಇರೋದು ಕೊಡು, ನಾಳೆ ಮುಂಜಾನೆ ಹುಳ ಸತ್ತು ಬಿದ್ದಿರಬೇಕು ಅಂತಾರ. ನಾ ಕೊಡದಿದ್ರ ಬಾಜೂ ಅಂಗಡ್ಯಾವ ಕೊಡ್ತಾನ. ಜಿಗಿಹುಳಕ್ಕ ಟ್ರೈಕೋ ಕಾರ್ಡ್ ಕೊಟ್ಟವ ಮಾತ್ರ ತಪ್ಪು ಮಾಡ್ಯಾನ, ಅದು ಒಪ್ಪತೀನಿ.


ಕೀಟದ_ಹಿಂದೆ:

ಅಣ್ಣ ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ಎಣ್ಣೆನೇ ಹೊಡೀಬೇಡಿ ಅಂತ ನಾನು ಹೇಳ್ತಿಲ್ಲ. ಆ ಜೋರ್ ಇರೋದು ಅಂತ ನೀವು ಕೊಡೋದು ಏನು, ಬಹಳ ಸಲ ಪೈರೆಥ್ರಾಯ್ಡ್ ಗುಂಪಿನದ್ದು, ಇಲ್ಲಾ ಎರಡು ಮೂರು ಮಿಕ್ಸ್. ಅದು ಹೊಡೆದ ಮಾರನೇ ದಿನ ನೀರ ಮೇಲೆ ಹುಳ ಸತ್ತು ತೇಲೋದು ನಿಜ, ರೈತನಿಗೆ ಖುಷಿ. ಆದ್ರೆ ಲೆಕ್ಕ ಹಾಕಿ, ಸಿಪ್ಪೆ ಒಳಗಿನ ಮೊಟ್ಟೆಗೆ ಏನೂ ಆಗಿಲ್ಲ, ಅದು ವಾರದೊಳಗೆ ಒಡೆದು ಮರಿ ಬರುತ್ತೆ. ಕಣಜದ ಮರಿ ಇರೋ ಮೊಟ್ಟೆನೂ ಸಿಪ್ಪೆ ಒಳಗೇ ಇರೋದ್ರಿಂದ ಅದೂ ಸ್ವಲ್ಪ ಮಟ್ಟಿಗೆ ಬಚಾವ್, ಆದ್ರೆ ಹೊರಗೆ ಬಂದು ಎಣ್ಣೆ ಮೆತ್ತಿರೋ ದಂಟಿನ ಮೇಲೆ ನಾಲ್ಕು ಹೆಜ್ಜೆ ಇಟ್ರೆ ಮುಗೀತು. ಜೇಡನೂ ಹೋಯ್ತು. ಈಗ ಹುಟ್ಟೋ ಜಿಗಿಹುಳದ ಮರಿಗೆ ಶತ್ರುನೇ ಇಲ್ಲದ ಮಡಿ ಸಿಕ್ತು, ಇಪ್ಪತ್ತೈದು ಮೂವತ್ತು ದಿನದಲ್ಲಿ ಅದರ ಮುಂದಿನ ಪೀಳಿಗೆ ರೆಡಿ, ಒಂದೊಂದು ಹೆಣ್ಣು ನೂರಾರು ಮೊಟ್ಟೆ. ಕಾರಟಗಿ ಸರ್ ಹೇಳಿದ್ರಲ್ಲ ಹೊಡದಂಗೆಲ್ಲಾ ಜಾಸ್ತಿ ಆತು ಅಂತ, ಅದು ಭ್ರಮೆ ಅಲ್ಲ, ಪುಸ್ತಕದಲ್ಲಿ ಅದಕ್ಕೆ ಹೆಸರೇ ಇದೆ, ಪುನರುತ್ಥಾನ ಅಂತ. ಸಿನಿಮಾ ಟೈಟಲ್ ತರ ಇದೆ ಆದ್ರೆ ಇರೋದು ಅದೇ.

ಇಂಡೋನೇಷ್ಯಾದಲ್ಲಿ ಇದು ಎಷ್ಟು ಕೆಟ್ಟದಾಯ್ತು ಅಂದ್ರೆ 1986ರಲ್ಲಿ ಅಧ್ಯಕ್ಷ ಸುಹಾರ್ತೊ ಒಂದೇ ಆದೇಶದಲ್ಲಿ ಭತ್ತಕ್ಕೆ 57 ಕೀಟನಾಶಕ ಬಂದ್ ಮಾಡಿದ್ರು. ಅಲ್ಲಿವರೆಗೂ ಸರಕಾರನೇ ಸಬ್ಸಿಡಿ ಕೊಟ್ಟು ಹೊಡೆಸ್ತಿತ್ತು.

ಈಗ ಕಾರಟಗಿ ಸರ್‌ಗೆ ಪರೀಕ್ಷೆ. ಮಡಿಯ ಬೇರೆ ಬೇರೆ ಕಡೆಯಿಂದ, ಕಂದು ಗೀರು ಇರೋ ದಂಟು ಹತ್ತು ಹದಿನೈದು ಬುಡದ ಹತ್ರ ಕೊಯ್ಕೊಳಿ. ಮೇಲಿನ ಎಲೆ ಕತ್ತರಿಸಿ ಹಾಕಿ, ಮೇಲೆ ಕೂತಿರೋ ಜಿಗಿಹುಳ ಜೇಡ ಎಲ್ಲ ಒದರಿಬಿಡಿ. ಒಂದು ಪ್ಲಾಸ್ಟಿಕ್ ಡಬ್ಬಿ ತಳಕ್ಕೆ ಒದ್ದೆ ಹತ್ತಿ ಇಟ್ಟು ದಂಟು ನಿಲ್ಲಿಸಿ. ಡಬ್ಬಿ ಹೊರಗೆ ಕರಿ ಕಾಗದ ಸುತ್ತಿ, ಮುಚ್ಚಳದಲ್ಲಿ ಒಂದು ತೂತು ಮಾಡಿ ದನದ ಡಾಕ್ಟರ್ ಹತ್ರ ಸಿಗೋ ಖಾಲಿ ಇಂಜೆಕ್ಷನ್ ಬಾಟ್ಲಿ ತೊಳೆದು ಬೋರಲು ಸಿಗಿಸಿ. ಕಣಜ ಹುಟ್ಟಿದ ತಕ್ಷಣ ಬೆಳಕಿನ ಕಡೆ ಹೋಗುತ್ತೆ, ಕತ್ತಲೆ ಡಬ್ಬಿಯಲ್ಲಿ ಬೆಳಕು ಇರೋದು ಆ ಬಾಟ್ಲಿಯಲ್ಲಿ ಮಾತ್ರ, ಅಲ್ಲಿಗೇ ಬರುತ್ತೆ. ಎಲ್ಲರೂ ಮಾಡೋ ತಪ್ಪು ಏನು ಅಂದ್ರೆ, ಮೊದಲ ವಾರ ಜಿಗಿಹುಳದ ಮರಿ ಹೊರಗೆ ಬರ್ತಾವೆ, ಅದನ್ನ ನೋಡಿ ಅಯ್ಯೋ ಬರೀ ಹುಳನೇ ಅಂತ ಡಬ್ಬಿ ಎಸೀತಾರೆ. ಕಣಜ ಲೇಟು. ಜಿಗಿಹುಳದ ಮೊಟ್ಟೆ ಒಡೆಯೋಕೆ ಏಳೆಂಟು ದಿನ ಸಾಕು, ಕಣಜ ತಯಾರಾಗೋಕೆ ಹನ್ನೊಂದು ಹನ್ನೆರಡು ದಿನ. ಎರಡು ವಾರ ಕಾಯಲೇಬೇಕು.

ಅಷ್ಟು ತಾಳ್ಮೆ ಇಲ್ಲ ಅಂದ್ರೆ ಇವತ್ತೇ ಒಂದು ಗೀರಿನ ಮೇಲೆ ಸಿಪ್ಪೆನ ಸೂಜಿಯಲ್ಲಿ ಬಿಡಿಸಿ, ಒಳಗಿನ ಮೊಟ್ಟೆನ ಮೊಬೈಲ್ ಕ್ಯಾಮೆರಾಗೆ ಲೆನ್ಸ್ ಹಾಕಿ ನೋಡಿ. ಒಳ್ಳೆ ಮೊಟ್ಟೆ ಬಿಳಿ, ಒಡೆಯೋಕೆ ಮುಂಚೆ ಒಂದು ತುದಿಯಲ್ಲಿ ಎರಡು ಕೆಂಪು ಚುಕ್ಕೆ ಕಾಣುತ್ತೆ, ಅದು ಮರಿಯ ಕಣ್ಣು. ಅನಾಗ್ರಸ್ ಹೊಕ್ಕ ಮೊಟ್ಟೆ ಚುಕ್ಕೆ ಅಲ್ಲ, ಇಡೀ ಮೊಟ್ಟೆನೇ ಕಿತ್ತಳೆ ಕೆಂಪು ಬಣ್ಣಕ್ಕೆ ತಿರುಗಿರುತ್ತೆ.

ಇನ್ನೊಂದು, ಮಡಿಯಲ್ಲಿ ಹಸಿರು ಮೈ ಕಪ್ಪು ತಲೆಯ ಸಣ್ಣ ತಿಗಣೆ ತರದ್ದು ಚುರುಕಾಗಿ ಓಡಾಡ್ತಿದ್ರೆ ಅದು ಹಸಿರು ಜಿಗಿಹುಳ ಅಂತ ಹೊಡೀಬೇಡಿ. ಅದು ಮಿರಿಡ್ ತಿಗಣೆ, ಅದೂ ಜಿಗಿಹುಳದ ಮೊಟ್ಟೆನೇ ಹೀರೋದು. ಜಿಗಿಹುಳ ನೀವು ಹೇಳಿದಂಗೆ ಅಡ್ಡಡ್ಡ ಸರಿದು ದಂಟಿನ ಹಿಂದೆ ಹೋಗುತ್ತೆ, ಇದು ನೇರ ಓಡುತ್ತೆ.


ಶ್ರೀನಿವಾಸಪುರ_ಮಾವು:

ಭತ್ತದೋರ ಮಧ್ಯೆ ನಾನು ಬರ್ತಿದೀನಿ ಕ್ಷಮೆ ಇರಲಿ. ನಮಗೂ ಜಿಗಿಹುಳನೇ ತಲೆನೋವು, ಮಾವು ಹೂ ಬಿಡೋ ಟೈಮಲ್ಲಿ ಗೊಂಚಲಿಗೊಂಚಲೇ ಕೂತು ರಸ ಹೀರಿ ಅಂಟು ಸುರಿಸಿ ಎಲೆ ಎಲ್ಲ ಮಸಿ ಬಳಿದಂಗೆ ಆಗುತ್ತೆ, ತೋಟದಲ್ಲಿ ನಡೆದ್ರೆ ಮುಖಕ್ಕೆ ಚಟಚಟ ಅಂತ ಬಡೀತವೆ. ಉಳಿದ ಟೈಮಲ್ಲಿ ಕಾಂಡದ ತೊಗಟೆ ಸಂದಿಯಲ್ಲಿ ಕೂತಿರ್ತವೆ. ಇದರ ಮೊಟ್ಟೆಗೂ ಇದೇ ಕಣಜ ಬರುತ್ತಾ? ಯಾಕಂದ್ರೆ ನಮ್ಮ ತಾತ ಹಾಕಿದ ಹತ್ತು ಹಳೇ ಮರ ಮನೆ ಹಿಂದೆ ಇದೆ, ಅದಕ್ಕೆ ಎತ್ತರ ಅಂತ ಔಷಧಿ ಹೊಡೆಯೋದೇ ಇಲ್ಲ, ಅಲ್ಲಿ ಹುಳ ಇರುತ್ತೆ ಆದ್ರೆ ಮಸಿ ಕಟ್ಟೋ ಮಟ್ಟಕ್ಕೆ ಹೋಗಲ್ಲ, ಹೊಡೆಯೋ ತೋಟದಲ್ಲಿ ಪ್ರತಿ ವರ್ಷ ಜಾಸ್ತಿ. ನಾನು ಇಷ್ಟು ದಿನ ಹಳೇ ಮರಕ್ಕೆ ಶಕ್ತಿ ಜಾಸ್ತಿ ಅಂದ್ಕೊಂಡಿದ್ದೆ.


ಕೀಟದ_ಹಿಂದೆ:

ಅದೇ ಕಣಜ ಅಲ್ಲ, ಅದೇ ಮನೆತನ. ಮಾವಿನ ಜಿಗಿಹುಳ ಹೂಗೊಂಚಲಿನ ಕಡ್ಡಿ ಒಳಗೆ, ಚಿಗುರೆಲೆಯ ನಡುನರದ ಒಳಗೆ ಮೊಟ್ಟೆ ತುರುಕುತ್ತೆ, ಅದಕ್ಕೆ ಗೊನಾಟೋಸಿರಸ್, ಪಾಲಿನೀಮಾ ಜಾತಿಗಳು ಬರ್ತಾವೆ. ಹತ್ತಿ ಜಿಗಿಹುಳದ ಮೊಟ್ಟೆ ಎಲೆ ನರದಲ್ಲಿ, ಅಲ್ಲಿ ಅರೆಸ್ಕಾನ್ ಅಂತ ಇನ್ನೊಂದು. ಬೆಳೆ ಬದಲಾದ್ರೆ ಹುಳ ಬದಲಾಗುತ್ತೆ, ಕಣಜನೂ ಬದಲಾಗುತ್ತೆ. ನಿಮ್ಮ ಹಳೇ ಮರದ ವಿಷಯ ನೋಡದೆ ಖಚಿತವಾಗಿ ಹೇಳೋದು ತಪ್ಪು, ಹತ್ತು ಮರಕ್ಕೂ ತೋಟಕ್ಕೂ ಗಾಳಿ ಬೆಳಕಿನ ವ್ಯತ್ಯಾಸನೂ ಇರಬಹುದು. ಆದ್ರೆ ಈ ಸಲ ಹೂ ಬಂದಾಗ ಎರಡೂ ಕಡೆಯ ಹೂಕಡ್ಡಿ ತಂದು ಎರಡು ಡಬ್ಬಿ ಕಟ್ಟಿ, ಖರ್ಚೇನಿಲ್ಲವಲ್ಲ.


ಫ್ರೆಸ್ನೊ_ಕನ್ನಡಿಗ:

ಒಳ್ಳೆ ಥ್ರೆಡ್. ನಾನು ಮೂಲತಃ ದಾವಣಗೆರೆ ಕಡೆಯೋನು, ಈಗ ಇರೋದು ಕ್ಯಾಲಿಫೋರ್ನಿಯಾದ ಫ್ರೆಸ್ನೊ ಹತ್ರ, ಸುತ್ತ ಎಲ್ಲಿ ನೋಡಿದ್ರೂ ಒಣದ್ರಾಕ್ಷಿ ತೋಟ. ಇಲ್ಲೂ ದ್ರಾಕ್ಷಿ ಎಲೆ ಮೇಲೆ ಜಿಗಿಹುಳ, ಅದಕ್ಕೂ ಅನಾಗ್ರಸ್ಸೇ. ಇಲ್ಲಿನ ಕಥೆ ಹೇಳ್ತೀನಿ, ನಿಮಗೆ ಉಪಯೋಗ ಆಗಬಹುದು. 1960ರ ದಶಕದಲ್ಲಿ ಡೌಟ್ ಮತ್ತೆ ನಕಾಟಾ ಅಂತ ಇಬ್ಬರು ಒಂದು ವಿಷಯ ಗಮನಿಸಿದ್ರು, ಹೊಳೆ ಹತ್ರ ಕಾಡು ಬ್ಲ್ಯಾಕ್‌ಬೆರಿ ಪೊದೆ ಇರೋ ಕಡೆ ದ್ರಾಕ್ಷಿ ತೋಟಕ್ಕೆ ಹುಳ ಕಮ್ಮಿ. ಯಾಕೆ ಅಂದ್ರೆ ಚಳಿಗಾಲದಲ್ಲಿ ದ್ರಾಕ್ಷಿ ಜಿಗಿಹುಳ ಮೊಟ್ಟೆ ಇಡಲ್ಲ, ದೊಡ್ಡ ಹುಳವಾಗೇ ಕಸದಲ್ಲಿ ಅಡಗಿರುತ್ತೆ. ಮೊಟ್ಟೆ ಇಲ್ಲ ಅಂದ್ರೆ ಕಣಜ ಎಲ್ಲಿ ಬದುಕಬೇಕು? ಬ್ಲ್ಯಾಕ್‌ಬೆರಿ ಮೇಲೆ ಬೇರೆ ಒಂದು ಜಾತಿ ಜಿಗಿಹುಳ ಇದೆ, ದ್ರಾಕ್ಷಿಗೆ ಏನೂ ಮಾಡಲ್ಲ, ಅದು ಚಳಿಗಾಲದಲ್ಲೂ ಮೊಟ್ಟೆ ಇಡುತ್ತೆ, ಕಣಜ ಅಲ್ಲಿ ಹೊಟ್ಟೆ ಹೊರ್ಕೊಂಡು ವಸಂತದಲ್ಲಿ ದ್ರಾಕ್ಷಿಗೆ ವಾಪಸ್. ಆಮೇಲೆ ಪ್ರೂನ್ ಅನ್ನೋ ಪ್ಲಮ್ ಜಾತಿ ಹಣ್ಣಿನ ಮರದ ಜಿಗಿಹುಳದ ಮೊಟ್ಟೆಯಲ್ಲೂ ಚಳಿಗಾಲ ಕಳೆಯುತ್ತೆ ಅಂತ ಗೊತ್ತಾಗಿ ಗಾಳಿ ಯಾವ ಕಡೆಯಿಂದ ಬರುತ್ತೋ ಆ ಕಡೆ ತೋಟದ ಅಂಚಲ್ಲಿ ಪ್ರೂನ್ ನೆಡೋ ಪದ್ಧತಿನೂ ಶುರುವಾಯ್ತು. ಅಂದ್ರೆ ಶತ್ರು ಕಮ್ಮಿ ಆಗಲಿ ಅಂತ ಶತ್ರುವಿನ ನೆಂಟನನ್ನ ಸಾಕೋದು!

ಇನ್ನೊಂದು ತಮಾಷೆ, ತಾಹಿತಿ ದ್ವೀಪಕ್ಕೆ 1999ರಲ್ಲಿ ಅಮೆರಿಕದ ಒಂದು ದೊಡ್ಡ ಜಿಗಿಹುಳ ಸೇರ್ಕೊಳ್ತು, ಇಲ್ಲಿ ದ್ರಾಕ್ಷಿಗೆ ಪಿಯರ್ಸ್ ರೋಗ ಹಂಚ್ತಿದ್ದದ್ದು ಅದೇ. ಅಲ್ಲಿ ಎಷ್ಟು ಹೆಚ್ಚಿತು ಅಂದ್ರೆ ಮರದ ಕೆಳಗೆ ನಿಂತ್ರೆ ಹುಳದ ಉಚ್ಚೆ ಮಳೆ ಹನಿ ತರ ಬೀಳೋದು, ಜನ ಅದಕ್ಕೆ ಫ್ರೆಂಚಲ್ಲಿ ಉಚ್ಚೆ ಹುಯ್ಯೋ ನೊಣ ಅಂತಾನೇ ಹೆಸರಿಟ್ರು. 2005ರಲ್ಲಿ ಗೊನಾಟೋಸಿರಸ್ ಕಣಜ ತಂದು ಬಿಟ್ರು, ಏಳು ತಿಂಗಳಲ್ಲಿ ಹುಳ ನೂರಕ್ಕೆ ತೊಂಬತ್ತರ ಮೇಲೆ ಇಳೀತು.


ಸಿಂಧನೂರ್_ಗೊಬ್ಬರ:

ನೋಡ್ರಿ, ಅಲ್ಲಿ ತಂದು ಬಿಟ್ರ ಆತು, ನಮಗ ತಂದು ಬಿಡಾಕ ಬರಂಗಿಲ್ಲ ಅಂತೀರಿ.


ಕೀಟದ_ಹಿಂದೆ:

ಅಣ್ಣ ತಾಹಿತಿಯಲ್ಲಿ ಹುಳ ಪರದೇಶಿ, ಅದರ ಶತ್ರು ಹಿಂದೇನೇ ಉಳಿದುಬಿಟ್ಟಿತ್ತು, ಅದಕ್ಕೆ ತಂದು ಬಿಟ್ಟದ್ದು ಕೆಲಸ ಮಾಡ್ತು. ನಮ್ಮ ಕಂದು ಜಿಗಿಹುಳ ಇಲ್ಲೇ ಇರೋದು, ಕಣಜನೂ ಇಲ್ಲೇ ಇದೆ. ಇಲ್ಲಿ ಕೊರತೆ ಕಣಜದ್ದಲ್ಲ, ಅದು ಬದುಕೋ ಜಾಗದ್ದು. ಫ್ರೆಸ್ನೊ ಸರ್ ಹೇಳಿದ ಬ್ಲ್ಯಾಕ್‌ಬೆರಿ ಕಥೆ ನಮಗೆ ಹೊಂದೋದು ಅದಕ್ಕೇ, ನಮ್ಮಲ್ಲಿ ಆ ಕೆಲಸ ಮಾಡೋದು ಬದುವಿನ ಹುಲ್ಲು. ಹುಲ್ಲಿನ ಮೇಲೆ ಬೇರೆ ಜಾತಿ ಜಿಗಿಹುಳ ಇರ್ತಾವೆ, ನೆಲ್ಲಿಗೆ ಬರಲ್ಲ, ಅದರ ಮೊಟ್ಟೆಯಲ್ಲಿ ಅನಾಗ್ರಸ್ ಬದುಕಿರುತ್ತೆ, ನಾಟಿ ಆದಮೇಲೆ ಮಡಿಗೆ ಇಳಿಯುತ್ತೆ. ನಾವು ಏನ್ ಮಾಡ್ತೀವಿ, ಬದು ನೀಟಾಗಿ ಕಾಣಲಿ ಅಂತ ಕಳೆನಾಶಕ ಹೊಡೆದು ಬೋಳು ಮಾಡ್ತೀವಿ.

ಇನ್ನು ಹೂವು. ಮೊಟ್ಟೆಯಿಂದ ಹೊರಗೆ ಬಂದ ಕಣಜ ಜೇನಿನ ತರ ಮಕರಂದ ಕುಡಿಯುತ್ತೆ, ಸಿಕ್ಕಿದ್ರೆ ಜಾಸ್ತಿ ದಿನ ಬದುಕಿ ಜಾಸ್ತಿ ಮೊಟ್ಟೆ ಹುಡುಕುತ್ತೆ. ಥಾಯ್ಲೆಂಡ್, ಚೀನಾ, ವಿಯೆಟ್ನಾಂ ಮೂರೂ ಕಡೆ ಭತ್ತದ ಬದುವಿನ ಮೇಲೆ ಎಳ್ಳು ತರದ ಹೂ ಬಿಡೋ ಬೆಳೆ ಹಾಕಿ ವರ್ಷಗಟ್ಟಲೆ ನೋಡಿದ್ರು, 2016ರಲ್ಲಿ ಲೆಕ್ಕ ಪ್ರಕಟ ಆಯ್ತು, ಕೀಟನಾಶಕ ನೂರಕ್ಕೆ 70 ಕಮ್ಮಿ, ಇಳುವರಿ ನೂರಕ್ಕೆ 5 ಜಾಸ್ತಿ. 5 ಅಂದ್ರೆ ದೊಡ್ಡದೇನಲ್ಲ, ಆದ್ರೆ ಎಣ್ಣೆ ಖರ್ಚು ಉಳೀತಲ್ಲ ಅದು ಜೇಬಿಗೆ ಬಂದದ್ದು.

ಈಗ ಈ ಬೆಳೆಗೆ ಅಂತ ಕೇಳಿದ್ರೆ, ಕಾರಟಗಿ ಸರ್, ಮದ್ದೂರವರು ಹೇಳಿದಂಗೆ ನೀರು ಬಸೀರಿ, ಯೂರಿಯಾ ನಿಲ್ಲಿಸಿ. ಎರಡು ದಿನಕ್ಕೊಮ್ಮೆ ಹತ್ತಿಪ್ಪತ್ತು ಬುಡ ಎಣಿಸಿ, ಹುಳದ ಜೊತೆ ಜೇಡ ಮಿರಿಡ್ ಎಷ್ಟಿದೆ ಅದನ್ನೂ ಬರ್ಕೊಳಿ. ಹತ್ತು ದಾಟಿ ಏರ್ತಾನೇ ಹೋದ್ರೆ ಆ ಜಾಗಕ್ಕೆ ಮಾತ್ರ ಹೊಡೀರಿ, ಬುಪ್ರೊಫೆಜಿನ್ ತರದ್ದು, ಅದು ಜಿಗಿಹುಳದ ಮರಿ ಪೊರೆ ಬಿಡೋದನ್ನ ತಡೆಯುತ್ತೆ, ಮಿತ್ರಕೀಟಕ್ಕೆ ಉಳಿದವಕ್ಕಿಂತ ಕಮ್ಮಿ ಹಾನಿ. ದೊಡ್ಡ ಹುಳ ತಕ್ಷಣ ಸಾಯಲ್ಲ, ಮಾರನೇ ದಿನ ನೋಡಿ ಔಷಧಿ ಸರಿ ಇಲ್ಲ ಅಂತ ಇನ್ನೊಂದು ಹೊಡೀಬೇಡಿ. ಪ್ರಮಾಣ ಡಬ್ಬಿ ಮೇಲೆ ಬರೆದಷ್ಟೇ, ನಳಿಗೆ ಬುಡಕ್ಕೆ ಹಿಡೀರಿ. ಮೇಲಿಂದ ಹೊಡೆದ್ರೆ ಎಲೆ ಸ್ನಾನ ಮಾಡುತ್ತೆ ಅಷ್ಟೇ, ಹುಳ ಕೆಳಗೆ ಆರಾಮ್.


ಕಾರಟಗಿ_ನೆಲ್ಲು:

ಹದಿನೇಳು ದಿನ ಆತು, ಬರೀತೀನಿ ಅಂದವ ಬರೀಲಿಲ್ಲ ಅಂತ ಬೈಕೋಬ್ಯಾಡ್ರಿ, ಕಾಯಾಕ ಹತ್ತಿದ್ದೆ.

ಅವತ್ತ ಸಂಜಿಗೆ ಸಿಪ್ಪಿ ಬಿಡಿಸಿ ನೋಡಿದೆ. ಸೂಜಿ ಕೈಯಾಗ ನಿಲ್ಲವಲ್ದು, ನಾಕು ದಂಟು ಹಾಳಾತು, ಐದನೇದರಾಗ ಸರಿ ಬಂತು. ಮಗಳ ಮೊಬೈಲಿಗೆ ಲೆನ್ಸ್ ಹಾಕಿ ದೊಡ್ಡದು ಮಾಡಿದ್ರ ಒಂದ ಸಾಲಿನ್ಯಾಗ ಹನ್ನೊಂದು ಮೊಟ್ಟಿ, ಬಾಳಿಹಣ್ಣು ಅಂದ್ರಲ್ಲ ಖರೇ ಹಂಗ. ಏಳು ಬಿಳಿ, ನಾಕು ಕೆಂಪು. ಚುಕ್ಕಿ ಅಲ್ಲ, ಪೂರಾ ಕೆಂಪು, ಕುಂಕುಮ ನೀರಾಗ ಎದ್ದಿದಂಗ. ಅದರಾಗ ಒಂದು ಒಳಗಿಂದೊಳಗ ಮಿಸುಕಾಡಿದಂಗ ಕಂಡಿತು, ಮಗಳು ಚೀರಿದ್ಲು.

ಡಬ್ಬಿನೂ ಕಟ್ಟಿದೆ. ನೀವು ಹೇಳಿದಂಗ ಐದನೇ ದಿನದಿಂದ ಜಿಗಿಹುಳದ ಮರಿ ಬರಾಕ ಚಾಲು ಆದ್ವು, ಅಪ್ಪ ನೋಡಿ, ಹೊಲದಾಗ ಸಾಲಲಿಲ್ಲಂತ ಮನ್ಯಾಗೂ ಸಾಕಾಕ ಹತ್ತಿಯೇನು ಅಂದ್ರು. ನಾ ಎಸೀಲಿಲ್ಲ. ಹತ್ತನೇ ದಿನ ಮುಂಜಾನೆ ಬಾಟ್ಲ್ಯಾಗ ಏನೂ ಇಲ್ಲ, ಮಧ್ಯಾಹ್ನ ಊಟಕ್ಕ ಬಂದು ನೋಡಿದ್ರ ಗಾಜಿನ ಮ್ಯಾಲೆ ಮೂರು ಚುಕ್ಕಿ. ಧೂಳಿರಬೇಕು ಅಂತ ಬೆರಳಲೆ ತಟ್ಟಿದೆ, ನಡದ್ವು! ಮರುದಿನಕ್ಕ ಹದಿನಾಕು, ಆಮ್ಯಾಲೆ ಎಣಿಸೋದು ಬಿಟ್ಟೆ. ಅಪ್ಪಗ ತೋರಿಸಿದ್ರ ಕನ್ನಡಕ ಹಾಕ್ಕೊಂಡ್ರೂ ಕಾಣವಲ್ದು, ಬಾಟ್ಲಿ ಖಾಲಿ ಐತಲ್ಲೋ ಅಂದ್ರು, ಮೊಬೈಲ್ನ್ಯಾಗ ತೋರಿಸಿದ ಮ್ಯಾಲೆ ಸುಮ್ಮನ ಕುಂತ್ರು, ಆಮ್ಯಾಲೆ ಇದು ಎಷ್ಟು ದಿನದಿಂದ ನಮ್ಮ ಹೊಲದಾಗ ಐತಿ ಅಂತ ಕೇಳಿದ್ರು. ನನಗೇನು ಗೊತ್ತು, ನೀವ ಹೇಳಬೇಕು ಅಂದೆ.

ಹೊಲದ ಸುದ್ದಿ, ನೀರು ಬಸಿದೆ. ಕಾಲುವಿ ಕಡೆ ಮಡ್ಯಾಗ ಬುಡಕ್ಕ ಹದಿಮೂರರ ತನಕ ಹೋತು, ಅಲ್ಲಿ ಅರ್ಧ ಎಕರೆಗೆ ಮಾತ್ರ ಬುಪ್ರೊಫೆಜಿನ್ ಹೊಡದೆ, ಮೊದಲ ಮೂರು ದಿನ ಹುಳ ಹಂಗ ಇದ್ವು, ಕೈ ಭಾಳ ತುರಿಸಿತು ಇನ್ನೊಂದು ಹೊಡಿಬೇಕಂತ, ತಡಕೊಂಡೆ. ಈಗ ಅಲ್ಲಿ ನಾಕು ಐದು. ಉಳಿದ ಮಡ್ಯಾಗ ಎಂಟರ ಮ್ಯಾಲೆ ಹೋಗಲಿಲ್ಲ, ಜ್ಯಾಡ ಭಾಳ ಅದಾವ. ಒಂದು ಕಡೆ ಬುಟ್ಟಿ ಅಗಲ ಒಣಗೈತಿ, ಅಷ್ಟು ಹೋತು. ಬಾಜೂ ಹೊಲದವರು ಎರಡು ಸಲ ಡ್ರೋನ್ಲೆ ಹೊಡಿಸ್ಯಾರ, ಅವರದು ಇನ್ನೂ ಏನಂತ ಗೊತ್ತಿಲ್ಲ, ಅವರದ ಗಾಳಿ ನನ್ನ ಬದುವಿಗೆ ಬಂದೈತಿ ಅಂತ ಒಂದು ಮಾತು ಜಗಳ ಆತು.


ಮದ್ದೂರ್_ಗದ್ದೆ:

ಸೂಪರ್ ಕಣಣ್ಣ! ಫೋಟೋ ಇದ್ರೆ ಹಾಕಿ, ನಮ್ಮ ಹುಡುಗ್ರಿಗೆ ತೋರಿಸ್ತೀನಿ. ನಾನೂ ಮುಂದಿನ ಸಲ ಬದುವಿನ ಮೇಲೆ ಎಳ್ಳು ಹಾಕಿ ನೋಡ್ತೀನಿ ಅಂತಿದೀನಿ. ಯಾವಾಗ ಹಾಕ್ಬೇಕು ಸರ್?


ಕೀಟದ_ಹಿಂದೆ:

ಸಸಿಮಡಿ ಹಾಕೋ ಟೈಮಿಗೇ ಎಳ್ಳು ಹಾಕಿ, ನಾಟಿ ಆಗಿ ಸ್ವಲ್ಪ ದಿನಕ್ಕೇ ಹೂ ಶುರುವಾಗಬೇಕು. ಹದಿನೈದು ದಿನ ಬಿಟ್ಟು ಇನ್ನೊಂದು ಕಂತು ಹಾಕಿದ್ರೆ ಹೂ ಉದ್ದಕ್ಕೂ ಸಿಗುತ್ತೆ. ಅಲಸಂದೆ, ಚೆಂಡು ಹೂವೂ ನಡೆಯುತ್ತೆ. ಬದು ಎತ್ತರ ಇರಲಿ, ಎಳ್ಳಿಗೆ ನೀರು ನಿಂತ್ರೆ ಆಗಲ್ಲ. ಕಾರಟಗಿ ಸರ್, ಆ ನಾಕು ಕೆಂಪು ಮೊಟ್ಟೆ ಫೋಟೋ ದಯವಿಟ್ಟು ಹಾಕಿ, ನನ್ನ ಥೀಸಿಸ್ ಫೋಟೋಗಿಂತ ಚೆನ್ನಾಗಿ ಬಂದಿರುತ್ತೆ.


ಕಾರಟಗಿ_ನೆಲ್ಲು:

ಹಾಕ್ತೀನ್ರಿ, ಮಗಳು ಸಾಲಿಯಿಂದ ಬರಲಿ, ಅಕಿ ಮೊಬೈಲ್ನ್ಯಾಗ ಅದಾವ. ಬದುವಿನ ಮ್ಯಾಲೆ ಅಲಸಂದಿ ಹಾಕಿದ್ರ ತಿನ್ನಾಕೂ ಆತು ಅಂತ ಮನ್ಯಾಗ ಅಂತಾರ, ಆದ್ರ ನಮ್ಮೂರಾಗ ಆಡು ಭಾಳ ರೀ, ಕಾಲುವಿ ಗುಂಟ ದಿನಾ ಬರ್ತಾವ.


ಮದ್ದೂರ್_ಗದ್ದೆ:

ಹಂಗಾದ್ರೆ ಎಳ್ಳೇ ಹಾಕಣ್ಣ. ಎಳ್ಳಿಗೆ ಮೇಕೆ ಬಾಯಿ ಹಾಕೋದು ನಾನಂತೂ ಕಂಡಿಲ್ಲ, ಅಲಸಂದೆ ಆದ್ರೆ ಬಳ್ಳಿ ಸಮೇತ ಎಳ್ಕೊಂಡು ಹೋಯ್ತವೆ.